ಅಪ್ಪನ ಬಂದೂಕನ್ನು ವಿಮಾನದಲ್ಲಿ ಪುಣೆಗೆ ತಗೊಂಡು ಹೋಗಬಹುದಾ? ಗೊತ್ತಿದ್ದವರು ಹೇಳಿ

ಗೌರಿಬಿದನೂರಿನವನು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಹಳ್ಳಿ ಗೌರಿಬಿದನೂರಿನಿಂದ ಹತ್ತು ಕಿಲೋಮೀಟರ್ ಒಳಗೆ. ಅಪ್ಪನ ಹತ್ತಿರ ಒಂದು ಡಬಲ್ ಬ್ಯಾರಲ್ ಬಂದೂಕು ಇದೆ, 12 ಬೋರ್. ಬೆಳೆ ಕಾಯೋಕೆ ಅಂತ 1986ರಲ್ಲಿ ಲೈಸೆನ್ಸ್ ಮಾಡಿಸಿದ್ದು. ಆಗ ನಮ್ಮದು ಕೋಲಾರ ಜಿಲ್ಲೆ, ಹಾಗಾಗಿ ಪುಸ್ತಕದ ಮೊದಲ ಪುಟದಲ್ಲಿ ಕೋಲಾರದ ಸೀಲು, 2007ರಲ್ಲಿ ಜಿಲ್ಲೆ ಬೇರೆ ಆದ ಮೇಲೆ ಚಿಕ್ಕಬಳ್ಳಾಪುರದ ಸೀಲು. ನಡುವೆ ಚುನಾವಣೆ ಬಂದಾಗಲೆಲ್ಲ ಠಾಣೆಗೆ ಜಮಾ ಮಾಡಿ ವಾಪಸ್ ತಂದ ರಸೀದಿಗಳು. ಆ ಪುಸ್ತಕ ನೋಡಿದರೆ ನಮ್ಮ ಮನೆ ಇತಿಹಾಸ ನೋಡಿದ ಹಾಗೆ.

ಅಪ್ಪನಿಗೆ ಈಗ 71. ಅಮ್ಮನಿಗೆ ಮಂಡಿ ನೋವು, ಒಬ್ಬರೇ ಓಡಾಡೋದು ಕಷ್ಟ. ಅಕ್ಕ ಪುಣೆಯಲ್ಲಿ ಇದ್ದಾಳೆ, ಒಂದೆರಡು ವರ್ಷ ಇಲ್ಲೇ ಬಂದು ಇರಿ ಅಂತ ಕರೆಯುತ್ತಿದ್ದಾಳೆ. ಅಮ್ಮ ರೆಡಿ. ಅಪ್ಪನೂ ರೆಡಿ, ಆದರೆ ಒಂದೇ ಹಠ, "ಖಾಲಿ ಮನೇಲಿ ಬಂದೂಕು ಬಿಟ್ಟು ನಾನು ಬರಲ್ಲ". ಅದೂ ಸರಿಯೇ. ಮನೆಗೆ ಬೀಗ ಹಾಕಿ ಬೀರುವಿನಲ್ಲಿ ಬಂದೂಕು ಇಟ್ಟು ಹೋದರೆ ಯಾರಿಗೆ ನಿದ್ದೆ ಬರುತ್ತೆ?

ಅವರಿಬ್ಬರೂ ರೈಲಿನಲ್ಲಿ ಹೋಗುತ್ತಾರೆ. ಅಪ್ಪ ವಿಮಾನ ಹತ್ತೋದಿಲ್ಲ, ಆ ವಿಷಯ ಎತ್ತೋ ಹಾಗೇ ಇಲ್ಲ. ನಾನು ಆಫೀಸಿನ ಕೆಲಸಕ್ಕೆ ತಿಂಗಳಿಗೊಮ್ಮೆ ಪುಣೆಗೆ ವಿಮಾನದಲ್ಲೇ ಹೋಗುತ್ತೇನೆ. ಅದಕ್ಕೇ ಯೋಚನೆ ಮಾಡಿದ್ದು, ಬಂದೂಕನ್ನು ನಾನೇ ಚೆಕ್‌ಇನ್ ಲಗೇಜಿನಲ್ಲಿ ಹಾಕಿಕೊಂಡು ಹೋದರೆ? ಲೈಸೆನ್ಸ್ ಪುಸ್ತಕ ಅಪ್ಪನದು, ಅದನ್ನೂ ಜೊತೆಗೆ ಇಟ್ಟುಕೊಳ್ಳುತ್ತೇನೆ. ಹತ್ತು ತೋಟಾ ಇವೆ, ಅವನ್ನೂ ಒಯ್ಯಬಹುದಾ? ಪ್ಯಾಕಿಂಗ್ ಹೇಗೆ? ಯಾರಾದರೂ ನಿಜವಾಗಿ ಮಾಡಿದವರು ಹೇಳಿ, ಸುಮ್ನೆ ಹೆದರಿಸಬೇಡಿ.

ನಂದಿ ತಪ್ಪಲು:

ಹೆದರಿಸೋದಿಲ್ಲ ಸರ್, ಆದರೆ ನಿಮ್ಮ ಪ್ಲಾನ್ ಕೌಂಟರಿನಲ್ಲೇ ನಿಂತುಹೋಗುತ್ತದೆ.

ನಾನು ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಎಂಟು ವರ್ಷ ಚೆಕ್‌ಇನ್ ಕೌಂಟರ್ ಕೆಲಸ ಮಾಡಿದವನು. ಬಂದೂಕು ತಂದವರು ಬಂದರೆ ನಾವು ಮೊದಲು ನೋಡುತ್ತಿದ್ದದ್ದೇ ಹೆಸರು. ಟಿಕೆಟ್ಟಿನಲ್ಲಿರುವ ಹೆಸರು, ಲೈಸೆನ್ಸಿನಲ್ಲಿರುವ ಹೆಸರು, ಮುಂದೆ ನಿಂತಿರುವ ಮುಖ, ಮೂರೂ ಒಂದೇ ಆಗಿರಬೇಕು. ಅಪ್ಪನ ಪುಸ್ತಕ ಹಿಡಿದು ಮಗ ಬಂದರೆ ಸೂಪರ್‌ವೈಸರ್ ಕರೆಯುತ್ತಿದ್ದೆವು, ಅವರು ಭದ್ರತೆಯವರನ್ನು ಕರೆಯುತ್ತಿದ್ದರು, ಅಷ್ಟರಲ್ಲಿ ವಿಮಾನ ಹಾರಿರುತ್ತಿತ್ತು.

ಲೈಸೆನ್ಸ್ ಇರುವವರೇ ಹೋದರೆ ಕೆಲಸ ಆಗುತ್ತದೆ, ಅದರಲ್ಲಿ ಅನುಮಾನ ಬೇಡ. ಕ್ಯಾಬಿನ್ನಿಗೆ ಅಂತೂ ಇಲ್ಲವೇ ಇಲ್ಲ, ಚೆಕ್‌ಇನ್ ಲಗೇಜಿನಲ್ಲಿ ಮಾತ್ರ. ಟಿಕೆಟ್ ಮಾಡಿದ ತಕ್ಷಣ ವಿಮಾನ ಕಂಪನಿಗೆ ಫೋನ್ ಮಾಡಿ ಹೇಳಬೇಕು, ಅವರ ಒಪ್ಪಿಗೆ ಇಲ್ಲದೆ ಆಗಲ್ಲ. ಕಂಪನಿಯಿಂದ ಕಂಪನಿಗೆ ನಿಯಮ ಬೇರೆ, ಶುಲ್ಕ ಬೇರೆ. ಅದಕ್ಕೇ ಅವರ ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಂಡು ಪ್ರಿಂಟ್ ಇಟ್ಟುಕೊಳ್ಳಿ. "ಕಾಲ್ ಸೆಂಟರಿನವರು ಹೂಂ ಅಂದರು" ಅಂತ ಕೌಂಟರಿನಲ್ಲಿ ಹೇಳಿದರೆ ಯಾರೂ ಕೇಳಲ್ಲ.

ಬಂದೂಕು ಪೂರ್ತಿ ಖಾಲಿ ಇರಬೇಕು. ತೋಟಾ ಬೇರೆ, ಗಟ್ಟಿ ಡಬ್ಬದಲ್ಲಿ, ಅಲ್ಲಾಡದ ಹಾಗೆ. ತೋಟಾಕ್ಕೆ ವಿಮಾನಯಾನದ ಅಂತಾರಾಷ್ಟ್ರೀಯ ಮಿತಿ ಒಬ್ಬರಿಗೆ 5 ಕೆಜಿ, ಡಬ್ಬದ ತೂಕವೂ ಸೇರಿ. ಇಬ್ಬರು ಮೂವರದ್ದು ಒಂದೇ ಡಬ್ಬಕ್ಕೆ ಹಾಕುವ ಹಾಗಿಲ್ಲ. ಕಂಪನಿಯವರು ಅದಕ್ಕಿಂತ ಕಡಿಮೆ ಮಿತಿ ಇಟ್ಟಿರಬಹುದು, ಕೇಳಿಕೊಳ್ಳಿ. ನಿಮ್ಮ ಹತ್ತು ತೋಟಾಕ್ಕೆ ಅದು ತಲೆನೋವಲ್ಲ.

ಒಂದು ಮಾತು. ನಾನು ಕಂಡ ಹಾಗೆ ಬಂದೂಕು ತೋರಿಸಿ ತಂದವರು ಯಾರೂ ಸಿಕ್ಕಿಹಾಕಿಕೊಂಡಿಲ್ಲ. ಸಿಕ್ಕಿಹಾಕಿಕೊಂಡವರೆಲ್ಲ ಬಂದೂಕೇ ತರದವರು! ಬ್ಯಾಗಿನ ಯಾವುದೋ ಮೂಲೆಯಲ್ಲಿ ಒಂದೇ ಒಂದು ತೋಟಾ ಮರೆತು ಬಂದವರು.

ಶಿರಾ ರಸ್ತೆ:

ಮೇಲಿನವರು ಹೇಳಿದ ಆ ಮಹಾನುಭಾವ ನಾನೇ ಗುರು. ಆ ಏರ್‌ಪೋರ್ಟ್ ಯಾವುದು ಅಂತ ಹೇಳಲ್ಲ, ಈಗ ಆ ಹೆಸರು ಕೇಳಿದರೂ ಹೊಟ್ಟೆ ತೊಳಸುತ್ತದೆ.

ನಾಲ್ಕು ವರ್ಷದ ಹಿಂದೆ ತಂಗಿ ಮದುವೆ ಮುಗಿಸಿ ಹೊರಟಿದ್ದೆ. ನನ್ನ ಬ್ಯಾಗಿನ ಜಿಪ್ ಕಿತ್ತುಹೋಗಿತ್ತು. ಮಾವ, ಅಂದರೆ ಹೆಂಡತಿ ಅಪ್ಪ, "ಇದನ್ನ ತಗೊಂಡು ಹೋಗಪ್ಪ" ಅಂತ ಅವರ ಹಸಿರು ಕ್ಯಾನ್ವಾಸ್ ಬ್ಯಾಗ್ ಕೊಟ್ಟರು. ಅವರಿಗೂ ಬಂದೂಕು ಲೈಸೆನ್ಸ್ ಇದೆ, ತೋಟಕ್ಕೆ ಹೋಗುವಾಗ ಅದೇ ಬ್ಯಾಗ್. ನಾನು ಕೊಡವಿದೆ, ಒಂದು ಹಿಡಿ ಹುಣಸೆ ಬೀಜ, ಒಂದು ಬೀಡಿ ಕಟ್ಟಿನ ಕಾಗದ ಉದುರಿತು. ಅಷ್ಟೇ ಅಂದುಕೊಂಡೆ.

ಎಕ್ಸ್‌ರೇ ಬೆಲ್ಟಿನಲ್ಲಿ ಬ್ಯಾಗ್ ಒಳಗೆ ಹೋಯಿತು. ನಿಂತಿತು. ಹಿಂದಕ್ಕೆ ಬಂತು. ಮತ್ತೆ ಒಳಗೆ ಹೋಯಿತು. "ಯೇ ಬ್ಯಾಗ್ ಕಿಸ್ಕಾ ಹೈ?" ನಾನು ಕೊಬ್ಬರಿ ಮಿಠಾಯಿ ಡಬ್ಬ ಕಂಡಿರಬೇಕು ಅಂತ ನಗುತ್ತಾ ಮುಂದೆ ಹೋದೆ. ಆಯಪ್ಪ ಎಲ್ಲ ಹೊರಗೆ ತೆಗೆದು, ಖಾಲಿ ಬ್ಯಾಗನ್ನೇ ಮತ್ತೆ ಓಡಿಸಿದರು. ಆಮೇಲೆ ಒಳಗಿನ ಅಸ್ತರಿಗೆ ಕೈ ಹಾಕಿದರು. ಹೊಲಿಗೆ ಬಿಟ್ಟ ಕಡೆಯಿಂದ ಜಾರಿ ತಳಕ್ಕೆ ಹೋಗಿತ್ತು ಅದು. ಕೆಂಪು ಪ್ಲಾಸ್ಟಿಕ್ಕು, ಹಿತ್ತಾಳೆ ತಳ, ಮಣ್ಣು ಮೆತ್ತಿಕೊಂಡಿತ್ತು. ಅದನ್ನು ಬಿಳಿ ಟ್ರೇ ಮೇಲೆ ಇಟ್ಟಾಗ ಟಕ್ ಅಂದ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಆಮೇಲೆ ಪೊಲೀಸ್ ಠಾಣೆ, ಎಫ್‌ಐಆರ್. ಮಾವನ ಲೈಸೆನ್ಸ್ ಫೋಟೋ ವಾಟ್ಸಾಪಿನಲ್ಲಿ ಹತ್ತು ನಿಮಿಷಕ್ಕೆ ಬಂತು. ಅವರು ಒಳ್ಳೆಯ ರೀತಿಯಲ್ಲೇ ಮಾತಾಡಿದರು, ಟೀನೂ ಕೊಟ್ಟರು, ಆದರೆ "ಇದು ನಿಮ್ಮ ಲೈಸೆನ್ಸ್ ಅಲ್ಲವಲ್ಲ" ಅಂದರು. ಜಾಮೀನು ಸಿಕ್ಕಿತು. ಕೇಸು ರದ್ದಾಗೋಕೆ ಹದಿನಾಲ್ಕು ತಿಂಗಳು ಹಿಡಿಯಿತು. ವಕೀಲರ ಫೀಸು ಹೇಳಿದರೆ ಆ ದುಡ್ಡಿಗೆ ಎಂಥಾ ಬ್ಯಾಗ್ ಬರುತ್ತಿತ್ತು ಅಂತ ನೀವೇ ಲೆಕ್ಕ ಹಾಕುತ್ತೀರಿ. ಪಾಸ್‌ಪೋರ್ಟ್ ರಿನ್ಯೂವಲ್ ಕೂಡ ಅಷ್ಟು ದಿನ ನಿಂತುಹೋಯಿತು.

ಮಾವ ಈಗಲೂ ಎದುರು ಸಿಕ್ಕರೆ ಕಣ್ಣು ತಪ್ಪಿಸುತ್ತಾರೆ, ಪಾಪ.

ತುಮಕೂರು ಕೋರ್ಟ್ ಬೀದಿ:

ಶಿರಾದವರೇ, ನಿಮ್ಮಂಥ ಕೇಸುಗಳು ಹೈಕೋರ್ಟುಗಳಲ್ಲಿ ಸಾಕಷ್ಟು ರದ್ದಾಗಿವೆ. ಕಾರಣ ಒಂದೇ. ತನ್ನ ಹತ್ತಿರ ಇದೆ ಅನ್ನೋದು ಗೊತ್ತಿದ್ದು ಇಟ್ಟುಕೊಂಡಿದ್ದರೆ ಮಾತ್ರ ಅದು ಕಾನೂನಿನ ಲೆಕ್ಕದಲ್ಲಿ ವಶದಲ್ಲಿಟ್ಟುಕೊಂಡ ಹಾಗೆ. ಸುಪ್ರೀಂ ಕೋರ್ಟ್ ಇದನ್ನು 1972ರಲ್ಲಿ ಗುಣವಂತ್ ಲಾಲ್ ಕೇಸಿನಲ್ಲಿ ಹೇಳಿತು, 1994ರಲ್ಲಿ ಸಂಜಯ್ ದತ್ ಕೇಸಿನಲ್ಲೂ ಹೇಳಿತು. ಆದರೆ ಅದು ಕೋರ್ಟಿಗೆ ಹೋದ ಮೇಲಿನ ಮಾತು. ಏರ್‌ಪೋರ್ಟಿನಲ್ಲಿ ನಿಂತಿರುವವರು ನಿಮ್ಮ ಮನಸ್ಸಿನಲ್ಲಿ ಏನಿತ್ತು ಅಂತ ತೀರ್ಮಾನ ಮಾಡೋಕೆ ಆಗಲ್ಲ ಅಲ್ವಾ. ಲೈಸೆನ್ಸ್ ಇಲ್ಲದೆ ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳೋದು ಎರಡೂ ಅಪರಾಧವೇ, 2019ರ ತಿದ್ದುಪಡಿ ಆದ ಮೇಲೆ ಶಿಕ್ಷೆ ಇನ್ನೂ ಜಾಸ್ತಿ ಆಗಿದೆ.

ಈಗ ಗೌರಿಬಿದನೂರಿನವರ ಪ್ರಶ್ನೆಗೆ. ನಂದಿ ತಪ್ಪಲಿನವರು ಹೇಳಿದ್ದು ವ್ಯವಹಾರದಲ್ಲಿ ಸರಿ, ಕಾನೂನಿನಲ್ಲಿ ಪೂರ್ತಿ ಸರಿ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಸೆಕ್ಷನ್ನಿನಲ್ಲಿ ಒಂದು ಸಣ್ಣ ಕಿಂಡಿ ಇದೆ. ಲೈಸೆನ್ಸ್ ಇರುವವರು ಜೊತೆಗಿದ್ದರೆ, ಅಥವಾ ಅವರು ಬರೆದು ಕೊಟ್ಟರೆ, ರಿಪೇರಿಗೋ ಲೈಸೆನ್ಸ್ ನವೀಕರಣಕ್ಕೋ ಅವರದೇ ಬಳಕೆಗೋ ಬೇರೆಯವರು ಬಂದೂಕು ಒಯ್ಯಬಹುದು. ಅಪ್ಪನ ಬಂದೂಕನ್ನು ಮಗ ರಿಪೇರಿಗೆ ಚಿಕ್ಕಬಳ್ಳಾಪುರಕ್ಕೆ ಒಯ್ಯೋದು ಅಂದರೆ ಇದೇ. ಆದರೆ ಇದನ್ನು ಹಿಡಿದುಕೊಂಡು ಬೆಳಗಿನ ಜಾವ ಐದು ಗಂಟೆಗೆ ಚೆಕ್‌ಇನ್ ಕೌಂಟರಿನಲ್ಲಿ ವಾದ ಮಾಡಬೇಡಿ. ನಾನೇ ವಕೀಲ, ನಾನೂ ಮಾಡಲ್ಲ.

ಅದಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ. ಲೈಸೆನ್ಸ್ ಪುಸ್ತಕದಲ್ಲಿ ವ್ಯಾಪ್ತಿ ಅಂತ ಒಂದು ಕಡೆ ಬರೆದಿರುತ್ತದೆ. ಜಿಲ್ಲೆ, ಇಡೀ ಕರ್ನಾಟಕ, ಇಡೀ ಭಾರತ, ಏನಿದೆ ನೋಡಿ. ಬೆಳೆ ಕಾಯೋ ಲೈಸೆನ್ಸ್ ಇಡೀ ಭಾರತಕ್ಕೆ ಇರುವುದು ನಾನಂತೂ ಕಂಡಿಲ್ಲ. ಪುಣೆ ಇರುವುದು ಮಹಾರಾಷ್ಟ್ರದಲ್ಲಿ. ವ್ಯಾಪ್ತಿ ಇಲ್ಲದಿದ್ದರೆ ವಿಮಾನವೂ ಅಷ್ಟೇ, ರೈಲೂ ಅಷ್ಟೇ, ಎತ್ತಿನ ಗಾಡಿಯೂ ಅಷ್ಟೇ. ನಿಮ್ಮಪ್ಪನೇ ಒಯ್ದರೂ ತಪ್ಪು. ಜೊತೆಗೆ ಪುಸ್ತಕದಲ್ಲಿ ಯುಐಎನ್, ಅಂದರೆ ಲೈಸೆನ್ಸಿಗೆ ಕೊಡುವ ವಿಶಿಷ್ಟ ಗುರುತಿನ ನಂಬರ್, ಹತ್ತಿದೆಯಾ ಅಂತಲೂ ನೋಡಿ, ಹಳೆ ಲೈಸೆನ್ಸುಗಳಲ್ಲಿ ಇದೊಂದು ಗೋಳು. ವ್ಯಾಪ್ತಿ ಹೆಚ್ಚಿಸಿ ಅಂತ ಡಿಸಿ ಕಚೇರಿಗೆ ಅರ್ಜಿ ಕೊಡಬಹುದು, ಕೊಟ್ಟೇ ಕೊಡುತ್ತಾರೆ ಅಂತ ಹೇಳಲಾರೆ. ಕೊಟ್ಟರೂ, ಬಂದೂಕಿನ ಸಮೇತ ಮೂವತ್ತು ದಿನಕ್ಕಿಂತ ಜಾಸ್ತಿ ಬೇರೆ ಊರಲ್ಲಿ ಇರುವುದಾದರೆ ಅಲ್ಲಿನ ಅಧಿಕಾರಿಗೆ ತಿಳಿಸಬೇಕು.

ಕೆಜಿಎಫ್ ಹುಡುಗಿ:

ನಾನು 10 ಮೀಟರ್ ಏರ್ ಪಿಸ್ತೂಲ್ ಹೊಡೆಯುತ್ತೇನೆ. ಸ್ಪರ್ಧೆಗೆ ಅಂತ ದೆಹಲಿ, ಭೋಪಾಲ್ ಎರಡೂ ಕಡೆ ವಿಮಾನದಲ್ಲೇ ಹೋಗಿ ಬಂದಿದ್ದೇನೆ. ಅಣ್ಣ ನಿಜವಾಗಿ ಮಾಡಿದವರು ಹೇಳಿ ಅಂದರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಕಿಲ್ಲ, .177 ಬೋರು, 20 ಜೂಲಿಗಿಂತ ಕಡಿಮೆ ಶಕ್ತಿ. ಆದರೂ ಹೇಳದೆ ಹಾಕುವ ಹಾಗಿಲ್ಲ. ಎಕ್ಸ್‌ರೇಯಲ್ಲಿ ಅದು ಪಿಸ್ತೂಲಿನ ಹಾಗೇ ಕಾಣುತ್ತದೆ, ಅವರಿಗೇನು ಗೊತ್ತು ಒಳಗೆ ಬರೀ ಗಾಳಿ ಅಂತ. ಮೊದಲ ಸಲ ಬೆಳಗ್ಗೆ ಎಂಟರ ವಿಮಾನಕ್ಕೆ ಕೆಜಿಎಫ್‌ನಿಂದ ರಾತ್ರಿ ಎರಡಕ್ಕೇ ಹೊರಟೆವು, ಅಪ್ಪ ಕಾರು ಓಡಿಸಿದರು. ಬಾಗಿಲಲ್ಲಿ ಸಿಐಎಸ್‌ಎಫ್‌ನವರಿಗೆ ಹೇಳಿದೆ. ಅವರು ಟಿಕೆಟ್ ನೋಡಿ, ನೇರ ಕೌಂಟರಿಗೆ ಹೋಗಿ ತಿಳಿಸಿ ಅಂದರು. ಕೌಂಟರಿನ ಹುಡುಗಿ ನನ್ನ ವಯಸ್ಸಿನವಳೇ. "ನನ್ನ ಲಗೇಜಿನಲ್ಲಿ ಪಿಸ್ತೂಲ್ ಇದೆ" ಅಂದೆ. ನನ್ನ ಹಿಂದೆ ನಿಂತಿದ್ದ ಅಂಕಲ್ ಎರಡು ಹೆಜ್ಜೆ ಹಿಂದಕ್ಕೆ ಹೋದರು! ಈಗ "ಶೂಟಿಂಗ್ ಸ್ಪರ್ಧೆಗೆ ಹೋಗುತ್ತಿದ್ದೇನೆ, ಕ್ರೀಡಾ ಸಾಮಗ್ರಿ ಇದೆ" ಅಂತ ಶುರು ಮಾಡುತ್ತೇನೆ, ಪಿಸ್ತೂಲ್ ಅನ್ನೋ ಪದ ಎರಡನೇ ವಾಕ್ಯಕ್ಕೆ.

ಆಮೇಲೆ ಭದ್ರತೆಯ ಒಬ್ಬರು ಬಂದು ಪೆಟ್ಟಿಗೆ ತೆಗೆಸಿದರು. ಸಿಲಿಂಡರ್ ಬಿಚ್ಚಿ, ಗಾಳಿ ಪೂರ್ತಿ ಖಾಲಿ ಮಾಡಿ ತಂದಿರಬೇಕು. ನಮ್ಮ ಸಿಲಿಂಡರಿನಲ್ಲಿ 200 ಬಾರ್ ಒತ್ತಡ ಇರುತ್ತದೆ, ತುಂಬಿದ್ದನ್ನು ಒಯ್ಯೋಕೆ ಬಿಡಲ್ಲ. ರೇಂಜಿಗೆ ಹೋದ ಮೇಲೆ ಅಲ್ಲೇ ತುಂಬಿಸಿಕೊಳ್ಳುತ್ತೇವೆ. ನಂಬರ್ ನೋಡಿದರು, ರೈಫಲ್ ಅಸೋಸಿಯೇಷನ್ ಪತ್ರ ನೋಡಿದರು, ಸ್ಪರ್ಧೆಯ ಆಹ್ವಾನ ನೋಡಿದರು, ಫಾರಂ ತುಂಬಿಸಿದರು. ಬೀಗ ನನ್ನ ಕೈಯಲ್ಲೇ ಹಾಕಿಸಿದರು. ಎಲ್ಲ ಸೇರಿ ಮುಕ್ಕಾಲು ಗಂಟೆ.

ಇಳಿದ ಮೇಲೆ ಬೆಲ್ಟಿನಲ್ಲಿ ಬರುತ್ತೆ ಅಂತ ಕಾಯುತ್ತಾ ಕೂತೆ. ಬರಲೇ ಇಲ್ಲ. ಅಳೋದೊಂದು ಬಾಕಿ. ಕೊನೆಗೆ ಕಂಪನಿಯವರೇ ಒಬ್ಬರು ಕೈಯಲ್ಲಿ ಹಿಡಿದುಕೊಂಡು ಬಂದು, ಗುರುತಿನ ಚೀಟಿ ನೋಡಿ, ಸಹಿ ಹಾಕಿಸಿಕೊಂಡು ಕೊಟ್ಟರು. ಹೀಗೆ ಕೈಗೇ ಕೊಡೋದೂ ಉಂಟು, ಆದ್ದರಿಂದ ಹೊರಡುವ ಕಡೆಯೇ "ಅಲ್ಲಿ ಎಲ್ಲಿ ಸಿಗುತ್ತೆ" ಅಂತ ಕೇಳಿಟ್ಟುಕೊಳ್ಳಿ.

ಡಬಲ್ ಬ್ಯಾರಲ್ ಆದರೆ ನಳಿಕೆ, ಮರದ ಹಿಡಿ, ಮುಂದಿನ ಮರದ ತುಂಡು ಅಂತ ಮೂರು ಭಾಗ ಬಿಚ್ಚುತ್ತದೆ, ಗಟ್ಟಿ ಪೆಟ್ಟಿಗೆಯಲ್ಲಿ ಸ್ಪಂಜಿನ ನಡುವೆ ಇಡಬಹುದು. ಬಟ್ಟೆ ಚೀಲದಲ್ಲಿ ಹಾಕಬೇಡಿ ಅಣ್ಣ, ಲಗೇಜ್ ಎತ್ತಿ ಹಾಕುವುದನ್ನು ಕಿಟಕಿಯಿಂದ ನೋಡಿದ್ದೀರಲ್ಲ.

ಟೆಕ್ಸಾಸಿನ ಮಧುಗಿರಿಯವನು:

ಇಲ್ಲಿ ಅಮೆರಿಕದಲ್ಲಿ ಇದು ಎಷ್ಟು ಮಾಮೂಲಿ ಅಂದರೆ ಬೇಟೆ ಸೀಸನ್ನಿನಲ್ಲಿ ಕೌಂಟರಿನಲ್ಲಿ ನಾಲ್ಕು ಜನ ಬಂದೂಕು ಪೆಟ್ಟಿಗೆ ಹಿಡಿದು ನಿಂತಿರುತ್ತಾರೆ. ಖಾಲಿ ಬಂದೂಕು, ಬೀಗ ಹಾಕಿದ ಗಟ್ಟಿ ಪೆಟ್ಟಿಗೆ, ಕೀಲಿ ನಮ್ಮ ಕೈಯಲ್ಲಿ, ಪ್ರತಿ ಸಲವೂ ಕೌಂಟರಿನಲ್ಲಿ ಹೇಳಬೇಕು. ಅಷ್ಟೇ. ಆದರೂ 2023ರಲ್ಲಿ ಇಲ್ಲಿನ ತಪಾಸಣೆಯವರಿಗೆ ಕೈಚೀಲಗಳಲ್ಲಿ ಸಿಕ್ಕ ಬಂದೂಕು 6,737! ಅದರಲ್ಲಿ ನೂರಕ್ಕೆ 93 ಗುಂಡು ತುಂಬಿದ್ದವು. ಕೇಳಿದರೆ ಎಲ್ಲರದೂ ಒಂದೇ ಉತ್ತರ, ಮರೆತುಹೋಗಿತ್ತು. ನಮ್ಮ ಕಡೆ ಛತ್ರಿ ಮರೆಯುವ ಹಾಗೆ.

ಇಲ್ಲೂ ವ್ಯಾಪ್ತಿಯ ಗೋಳು ಇದೆ. ಟೆಕ್ಸಾಸಿನಲ್ಲಿ ಸರಿಯಾದದ್ದು ನ್ಯೂಯಾರ್ಕಿನಲ್ಲಿ ತಪ್ಪು. ಲಾಯರ್ ಸಾಹೇಬರು ಹೇಳಿದ್ದನ್ನೇ ಮೊದಲು ನೋಡಿ.

ಗೌರಿಬಿದನೂರಿನವನು:

ಎಲ್ಲರಿಗೂ ಥ್ಯಾಂಕ್ಸ್. ಪುಸ್ತಕ ತೆಗೆದು ನೋಡಿದೆ. ಯುಐಎನ್ ಇದೆ. ವ್ಯಾಪ್ತಿ "ಕರ್ನಾಟಕ ರಾಜ್ಯ" ಅಂತ ಇದೆ. ಅಲ್ಲಿಗೆ ಮುಗಿಯಿತು. ಅಪ್ಪನಿಗೆ ಹೇಳಿದರೆ "1986ರಲ್ಲಿ ಪುಣೆಗೆ ಹೋಗ್ತೀನಿ ಅಂತ ಯಾರಿಗೆ ಗೊತ್ತಿತ್ತು" ಅಂದರು.

ಹಾಗಾದರೆ ಬಂದೂಕು ಎಲ್ಲಿಡೋದು? ಠಾಣೆಯಲ್ಲಿ ಎರಡು ವರ್ಷ ಬಿಟ್ಟರೆ ತುಕ್ಕು ಹಿಡಿಯುತ್ತೆ ಅಂತ ಅಪ್ಪನ ವಾದ. ಚುನಾವಣೆಯಲ್ಲಿ ಒಂದು ಸಲ ಹಾಗೆ ಆಗಿತ್ತು, ವಾಪಸ್ ಬಂದಾಗ ನಳಿಕೆಯಲ್ಲಿ ಜೇಡ ಬಲೆ ಕಟ್ಟಿತ್ತು.

ತುಮಕೂರು ಕೋರ್ಟ್ ಬೀದಿ:

ಲೈಸೆನ್ಸ್ ಇರುವ ಬಂದೂಕು ಅಂಗಡಿಯವರ ಹತ್ತಿರ ಇಡಬಹುದು. ಎಲ್ಲ ಅಂಗಡಿಗೂ ಅಲ್ಲ, ಸುರಕ್ಷಿತವಾಗಿ ಇಟ್ಟುಕೊಳ್ಳೋಕೆ ಪರವಾನಗಿ ಇರುವವರ ಹತ್ತಿರ. ಬಾಡಿಗೆ ತಗೊಳ್ಳುತ್ತಾರೆ, ರಸೀದಿ ಕೊಡುತ್ತಾರೆ, ಹೇಳಿದರೆ ಎಣ್ಣೆಯನ್ನೂ ಹಾಕುತ್ತಾರೆ. ಲೈಸೆನ್ಸ್ ನವೀಕರಣದ ದಿನ ಮಾತ್ರ ಮರೆಯಬೇಡಿ, ಬಂದೂಕು ಅಂಗಡಿಯಲ್ಲಿದ್ದರೂ ಲೈಸೆನ್ಸ್ ಜೀವಂತ ಇರಬೇಕು.

ಇನ್ನೊಂದು ದಾರಿ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದರೆ, ಅಥವಾ ಬಂದೂಕು ಅವರ ಹತ್ತಿರ 25 ವರ್ಷ ಇದ್ದಿದ್ದರೆ, ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ನಿಮ್ಮಪ್ಪನಿಗೆ ಎರಡೂ ಆಗಿದೆ. ನಿಮ್ಮ ಹೆಸರಿಗೆ ಅರ್ಜಿ ಹಾಕಿ. ಪೊಲೀಸ್ ವರದಿ, ತರಬೇತಿ ಸರ್ಟಿಫಿಕೇಟ್ ಅಂತ ಓಡಾಟ ಇರುತ್ತದೆ, ಬೇಗ ಆಗಲ್ಲ.

ಗೌರಿಬಿದನೂರಿನವನು:

ಅಪ್ಪನಿಗೆ ಹೇಳಿದೆ ಸರ್. ಅಂಗಡಿ ಮಾತಿಗೆ ಸುಮ್ಮನಿದ್ದರು, ನನ್ನ ಹೆಸರಿಗೆ ಅನ್ನೋ ಮಾತಿಗೆ ಮಾತ್ರ "ನಿಂಗೆ ಹಿಡಿಯೋಕಾದ್ರೂ ಬರುತ್ತಾ" ಅಂದರು. ಆದರೆ ಸಂಜೆ ನೋಡಿದರೆ ಜಗಲಿ ಮೇಲೆ ಹಳೆ ಪಂಚೆ ಹಾಸಿ, ಬಂದೂಕು ಬಿಚ್ಚಿಟ್ಟುಕೊಂಡು, ನಳಿಕೆಗೆ ಎಣ್ಣೆ ಬಟ್ಟೆ ಎಳೆಯುತ್ತಿದ್ದರು. ನನ್ನನ್ನೂ ಕೂರಿಸಿಕೊಂಡರು. ಸೋಮವಾರ ಅಂಗಡಿಗೆ ಹೋಗುತ್ತಿದ್ದೇವೆ, ಇಬ್ಬರೂ.

ತೋಟಾ ಡಬ್ಬವನ್ನೂ ತಂದರು. ತಳದಲ್ಲಿ ಕೆಎಫ್ ಅಂತ ಅಚ್ಚು ಇರುತ್ತಲ್ಲ, ಅದು ಪುಣೆಯ ಖಡ್ಕಿ ಕಾರ್ಖಾನೆದು ಅಂತ ಅಪ್ಪನೇ ಹೇಳಿದರು. "ಇವಾದ್ರೂ ತೌರುಮನೆಗೆ ಹೋಗ್ತಿದ್ವು" ಅಂತ ಒಂದೊಂದೇ ಎಣಿಸಿ ಪಂಚೆ ಮೇಲೆ ಇಟ್ಟರು. ಒಂಬತ್ತು.

ಪುಸ್ತಕದ ಲೆಕ್ಕದಲ್ಲಿ ಹತ್ತು. ಅಪ್ಪ ಹಂದಿಗೆ ಹೆದರಿಸೋಕೆ ಹೊಡೆದಿರಬೇಕು ಅಂತಾರೆ, ಅಮ್ಮ ಈ ವರ್ಷ ಸದ್ದೇ ಕೇಳಿಲ್ಲ ಅಂತಾರೆ. ಈ ತೋಟಾಗಳನ್ನು ಬೆಂಗಳೂರಿನಿಂದ ತಂದಾಗ ಅಪ್ಪನ ಜೊತೆ ನಾನೂ ಹೋಗಿದ್ದೆ. ಡಬ್ಬ ಇಟ್ಟಿದ್ದು ನನ್ನ ಆಫೀಸ್ ಬ್ಯಾಗಿನಲ್ಲಿ. ಅದೇ ಬ್ಯಾಗು ಆಮೇಲೆ ನನ್ನ ಜೊತೆ ಎರಡು ಸಲ ಪುಣೆಗೆ ಹೋಗಿ ಬಂದಿದೆ, ಯಾರೂ ಏನೂ ಅಂದಿಲ್ಲ. ಆದರೂ ರಾತ್ರಿ ಕೂತು ಅದರ ಅಸ್ತರು ಪೂರ್ತಿ ಬಿಚ್ಚಿದೆ. ಸಿಕ್ಕಿದ್ದು ಎರಡು ಪೆನ್ನು, ಒಂದು ಸಿಮ್ ಕಾರ್ಡ್ ಪಿನ್ನು.

ಗುರುವಾರ ಪುಣೆಗೆ ಹೋಗಬೇಕು. ಇವತ್ತು ಹೋಗಿ ಹೊಸ ಬ್ಯಾಗ್ ತಗೊಂಡು ಬಂದೆ.